ಎರಡು ಬೆರಳಿಗೆ ಬರುವ ಚಕ್ಕೆ

ಉಸ್ತಾ ಶವಾದ್ಫಿ ನಮ್ಮ ಮನೆಗೆ ಮೊದಲ ಸಲ ಬಂದ ದಿನ ನಾನು ಬಚ್ಚಲಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ. ಒಳಗೆ ಹೋಗುವಾಗ ಮರ್ಯಾದೆಯಾಗಿ ಮುಚ್ಚಿಕೊಂಡ ಬಾಗಿಲು ಹೊರಗೆ ಬರುವಾಗ ಗೋಡೆಯ ಪಕ್ಷ ಸೇರಿಬಿಟ್ಟಿತ್ತು. ಕೆಲಸಕ್ಕೆ ಹೊರಡಲು ಅರ್ಧ ಗಂಟೆ ಉಳಿದಿತ್ತು. ಆಚೆ ನನ್ನ ತಾಯಿ ಇನ್ಶಿರಾಹ್ ನಿಂತಿದ್ದಳು.

"ಎಳೆಯೋ ವಗೀಹ್!"

"ಎಳೀತಾನೇ ಇದೀನಮ್ಮಾ!"

"ತಟ್ಟೆ ಮುಂದೆ ಕೂತಾಗ ಇರೋ ಶಕ್ತಿ ಎಲ್ಲಿ ಹೋಯ್ತು ಈಗ?"

ಸದ್ದಿಗೆ ಎರಡನೇ ಮಹಡಿಯ ಹಾಜಿ ಬರಕಾತ್ ನಾಲ್ಕನೇ ಮಹಡಿಯ ನಮ್ಮ ಮನೆಗೆ ಮೆಟ್ಟಿಲು ಹತ್ತಿ ಬಂದರು. ಮೂವತ್ತೊಂದು ವರ್ಷ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಜನ ಹತ್ತುವುದು ಇಳಿಯುವುದು ತಮ್ಮ ಅಪ್ಪಣೆಯ ಮೇಲೆಯೇ ನಡೆಯುತ್ತದೆಂದು ನಂಬಿದ್ದವರು. ಬಾಗಿಲ ಆಚೆಯಿಂದ ಅವರು "ಈಗ ಎಳಿ, ಈಗ ಬಿಡು" ಎಂದು ಐದು ನಿಮಿಷ ಆಜ್ಞೆ ಮಾಡಿದರು. ನಾನು ಎಳೆದೆ, ಬಿಟ್ಟೆ. ಹಿಡಿ ಕಿತ್ತು ನನ್ನ ಕೈಗೆ ಬಂತು.

"ಆ ಕಾಗೆ ಬಾಯಿ ಶವಾದ್ಫೀನ ಕರಿ ಇನ್ಶಿರಾಹ್," ಎಂದರು ಹಾಜಿ. "ಬಾಯಿ ಸರಿಯಿಲ್ಲ, ಕೈ ಸರಿಯಿದೆ. ಮಾತಾಡೋಕೆ ಮಾತ್ರ ಬಿಡಬೇಡ."

ಹೀಗೆ ಬಂದವನು ಅವನು. ಉಸ್ತಾ ಎಂದರೆ ನಮ್ಮಲ್ಲಿ ಕಸುಬು ಬಲ್ಲವನು. ಬಡಗಿಯಾಗಲಿ ಕ್ಷೌರಿಕನಾಗಲಿ ಹಾಗೆಯೇ ಕರೆಯುತ್ತೇವೆ. ನಾನು ಒಳಗಿದ್ದುದರಿಂದ ಮೊದಲು ಅವನ ಕೆಮ್ಮು ಕೇಳಿದೆ, ಆಮೇಲೆ ಬಾಗಿಲ ಅಡಿಯಿಂದ ಎರಡು ಮರದ ಬೆಣೆ ನುಗ್ಗಿದ್ದು ಕಂಡೆ, ಆಮೇಲೆ ಮೇಲಿನ ಮೂಲೆಗೆ ಒಂದೇ ಒಂದು ಗುದ್ದು. ಬಾಗಿಲು ತೆರೆದು ನನ್ನ ಮೂಗಿಗೆ ಬಡಿಯಿತು.

ಅರವತ್ತು ದಾಟಿದ, ಗಿಡ್ಡ, ದೋಣಿಯ ಮೇಲೆ ನಿಂತವನಂತೆ ಕಾಲು ಅಗಲಿಸಿ ನಿಂತ ಮನುಷ್ಯ. ತಲೆಗೆ ನೀಲಿ ಉಣ್ಣೆಯ ಟೋಪಿ. ಹಳೆಯ ಹಾಯಿಬಟ್ಟೆಯಲ್ಲಿ ಹೊಲಿದ ಚೀಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ಇನ್ನೊಂದು ಕೆನ್ನೆ ಮುಗಿಸ್ಕೋ ಮಗನೇ. ನಾನು ಕಾಯ್ತೀನಿ."

ಅದು ನವೆಂಬರ್. ನಮ್ಮೂರಲ್ಲಿ ಚಳಿಗಾಲದ ಒಂದೊಂದು ಬಿರುಗಾಳಿಗೂ ಒಂದೊಂದು ಹೆಸರಿದೆ. ಮೊದಲನೆಯದು ಪೊರಕೆ ಗಾಳಿ. ಸಮುದ್ರ ಎದ್ದು ಬೀದಿ ಗುಡಿಸಿಕೊಂಡು ಹೋಗುತ್ತದೆ. ಅದು ಬೀಸಿ ಎರಡು ದಿನವಾಗಿತ್ತು.

"ಮರ ನೀರು ಕುಡಿದಿದೆ," ಎಂದ ಶವಾದ್ಫಿ, ಬಾಗಿಲ ಅಂಚಿನ ಮೇಲೆ ಅಂಗೈ ಓಡಿಸುತ್ತ. "ಈಗ ಜಾಸ್ತಿ ಕೀಸಿದರೆ ಬೇಸಿಗೇಲಿ ಸಂದಿಯಿಂದ ಬೆಕ್ಕು ಓಡಾಡತ್ತೆ. ಒಂದು ಸಿಪ್ಪೆ ತೆಗೀತೀನಿ. ಏಪ್ರಿಲ್‌ನಲ್ಲಿ ಖಮಾಸೀನ್ ಬಿಸಿಗಾಳಿ ಬೀಸಿ ಮರ ಒಣಗಲಿ, ಆಮೇಲೆ ನೋಡೋಣ."

ಉಜ್ಜುಗೊರಡು ಒಂದು ಸಲ ಮೇಲಿಂದ ಕೆಳಗೆ ಓಡಿತು. ಈರುಳ್ಳಿ ಸಿಪ್ಪೆಯಂಥ ಸುರುಳಿ ನೆಲಕ್ಕೆ ಬಿತ್ತು. ಅವನ ಹತ್ತಿರ ಉಕ್ಕಿನ ಟೇಪಾಗಲಿ ಮಟ್ಟ ನೋಡುವ ಸಾಧನವಾಗಲಿ ಇರಲಿಲ್ಲ. ಗಂಟು ಕಟ್ಟಿದ ಒಂದು ದಾರ, ಕಿವಿಯ ಮೇಲೊಂದು ಪೆನ್ಸಿಲ್. ಕೆಲಸ ಮುಗಿಸಿ ಟೀ ಕೇಳಿದ. ತಾಯಿ ಸಂಭ್ರಮದಿಂದ ಬಂಗಾರದ ಗೆರೆಯ ಗ್ಲಾಸಿನಲ್ಲಿ ತಂದುಕೊಟ್ಟಳು. ಅವನು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದ. ಕುಡಿಯಲಿಲ್ಲ. ಸ್ಟೂಲು ಹತ್ತಿ, ಬಾಗಿಲ ನೆತ್ತಿಯ ಮೇಲೆ, ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಿಂದ ಏನೋ ಬರೆದ.

"ಏನು ಬರೆದೆ ಉಸ್ತಾ?"

"ಬಾಗಿಲಿಗೆ ಅದರ ವಯಸ್ಸು ಹೇಳಿದೆ."

ಅವನು ಹೋದ ಮೇಲೆ ತಾಯಿ ತಣ್ಣಗಾದ ಗ್ಲಾಸನ್ನು ಎತ್ತಿ ಮೂಸಿದಳು. "ನನ್ನ ಟೀಗೆ ಏನು ಬಂದಿದೆ ರೋಗ?"

ನನ್ನ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನಾಚಿಕೆಯಾಗಬಹುದು. ನಾನು ರಮ್ಲ್ ನಿಲ್ದಾಣದ ಬಳಿಯ ಒಂದು ಕನ್ನಡಕದ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಗಿರಾಕಿಯ ಮೂಗಿನ ಮೇಲಿಟ್ಟು ಸೊಟ್ಟಗಿದೆಯೇ ನೇರವಾಗಿದೆಯೇ ಎಂದು ಹೇಳುವುದು ನನ್ನ ಕೆಲಸ. ಕೂದಲೆಳೆಯ ಸೊಟ್ಟವೂ ನನ್ನ ಕಣ್ಣಿಗೆ ಬೀಳುತ್ತದೆಂದು ಯಜಮಾನರು ಹೊಗಳುತ್ತಾರೆ. ಇಪ್ಪತ್ತೇಳು ವರ್ಷ ನಾನು ಮಲಗಿ ಎದ್ದ ಮನೆ ಮಾತ್ರ ಆ ಕಣ್ಣಿಗೆ ಬಿದ್ದಿರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಕಟ್ಟಡದ ಐದು ಮಹಡಿಗಳ ಐದು ಮನೆಯಲ್ಲೂ ಬಾಗಿಲುಗಳು ಮುನಿಸಿಕೊಂಡವು. ಹಾಜಿಯವರ ಅಡುಗೆಮನೆ, ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ವಿಧವೆ ದೌಲತ್‌ಳ ಮಲಗುವ ಕೋಣೆ, ಕೆಳಗಿನ ಮೀನು ಮಾರುವವರ ಮುಂಬಾಗಿಲು, ಮೇಲಿನವರ ಕಪಾಟು. ಎಲ್ಲ ಕಡೆಗೂ ಶವಾದ್ಫಿಯೇ ಹೋದ. ಎಲ್ಲ ಕಡೆಯೂ ಟೀ ಕೇಳಿದ, ಎಲ್ಲಿಯೂ ಕುಡಿಯಲಿಲ್ಲ. ಮೆಟ್ಟಿಲ ಮೇಲೆ ಹೆಂಗಸರ ಸಭೆ ನಡೆಯಿತು.

"ನಮ್ಮನೇಲೂ ಮುಟ್ಟಲಿಲ್ಲ ಕಣೇ."

"ಸಕ್ಕರೆ ಕಾಯಿಲೆ ಇರಬೇಕು."

"ಸಕ್ಕರೆ ಕಾಯಿಲೆಯವನು ಕೇಳೋದ್ಯಾಕೆ?"

"ಗಂಡಸರು ಕೇಳೋದೆಲ್ಲ ಕುಡಿಯೋಕಲ್ಲ ದೌಲತ್. ತಂದುಕೊಡಿಸ್ಕೊಳ್ಳೋಕೆ."

ಅವನಿಗೆ ಕಾಗೆ ಬಾಯಿ ಎಂಬ ಹೆಸರು ಯಾಕೆ ಬಂತೆಂದು ಹೇಳಿದವರು ಹಾಜಿಯವರೇ. ಶವಾದ್ಫಿ ಹುಟ್ಟಿ ಬೆಳೆದದ್ದು ಅನ್ಫೂಶಿಯ ದೋಣಿ ಕಟ್ಟುವ ಬಯಲಿನಲ್ಲಿ. ಅಪ್ಪನೂ ದೋಣಿಯ ಬಡಗಿ, ಅಜ್ಜನೂ ಅದೇ. ಹದಿನೆಂಟು ವರ್ಷದ ಹಿಂದೆ ಒಬ್ಬ ಮಾಲೀಕ ಹೊಸ ದೋಣಿಯ ಬೆನ್ನೆಲುಬಾಗುವ ತಳಗಂಬಕ್ಕೆ ಹಸಿ ಮರ ತಂದುಹಾಕಿದ. ಶವಾದ್ಫಿ ಬಾಚಿ ಕೆಳಗಿಟ್ಟು, ಬಯಲಿನ ಅಷ್ಟೂ ಜನರೆದುರು ಹೇಳಿದನಂತೆ: "ಇದು ಎರಡನೇ ಚಳಿಗಾಲದಿಂದ ವಾಪಸ್ ಬರಲ್ಲ. ನಾನು ಕಟ್ಟಲ್ಲ." ಮಾಲೀಕ ಬೇರೆಯವರಿಂದ ಕಟ್ಟಿಸಿ ಮಬ್ರೂಕಾ ಎಂದು ಹೆಸರಿಟ್ಟ.

"ಎರಡನೇ ಚಳಿಗಾಲ ಬಂತು. ಮಬ್ರೂಕಾ ವಾಪಸ್ ಬಂತು," ಹಾಜಿ ತೊಡೆ ತಟ್ಟಿಕೊಂಡು ನಕ್ಕರು. "ಮೂರನೇದು ಬಂತು, ಬಂತು. ಹದಿನೆಂಟು ಚಳಿಗಾಲ ವಗೀಹ್! ಇವತ್ತಿಗೂ ಆ ದೋಣಿ ತಂದ ಮೀನೇ ನಿಮ್ಮಮ್ಮ ಹುರಿಯೋದು. ಆಮೇಲೆ ಅವನನ್ನ ಯಾವ ಮಾಲೀಕ ಕರೀತಾನೆ? ಹುಟ್ಟೋ ಮೊದಲೇ ಸಾವು ಹೇಳೋನನ್ನ? ಬಾಗಿಲು ಕೀಸೋಕೆ ಬಂದ."

ಶವಾದ್ಫಿ ದಿನಾ ಬೆಳಿಗ್ಗೆ ದೋಣಿಗಳು ಮರಳುವ ಹೊತ್ತಿಗೆ ದಂಡೆಗೆ ಹೋಗಿ ನಿಲ್ಲುತ್ತಾನೆ, ಮಬ್ರೂಕಾ ಮುಳುಗುವುದನ್ನು ಕಾಯುತ್ತಿದ್ದಾನೆ ಎಂದು ಇಡೀ ಬೀದಿ ಹೇಳುತ್ತಿತ್ತು. ಒಂದು ದಿನ ಟ್ರಾಮು ತಪ್ಪಿ, ದಂಡೆಯ ಮೇಲೆ ನಡೆದು ಹೋಗುವಾಗ ಅವನನ್ನು ಅಲ್ಲಿ ಕಂಡೆ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿ, ಬೇಯಿಸಿದ ಅವರೆ. ತಿನ್ನುತ್ತಿರಲಿಲ್ಲ. ಬಾಯಿ ತಡೆಯಲಾರದೆ ಕೇಳಿಯೇಬಿಟ್ಟೆ.

"ಮುಳುಗಲಿ ಅಂತ ಕಾಯ್ತಿದೀಯಾ ಉಸ್ತಾ?"

ಅವನು ಸಿಟ್ಟಾಗಲಿಲ್ಲ. "ಮೊದಲೆರಡು ವರ್ಷ ಹೌದು," ಎಂದ. "ದೇವರು ಕ್ಷಮಿಸಲಿ. ಏಳು ಜನ ಹೋಗ್ತಾರೆ ಅದರಲ್ಲಿ, ಹೆಸರು ಹಿಡಿದು ಗೊತ್ತು ನನಗೆ. ಆದರೂ ಒಳಗೊಳಗೆ ಹೌದು. ಈಗ ಅದು ಬರೋವರೆಗೆ ರೊಟ್ಟಿ ಗಂಟಲಲ್ಲಿ ಇಳಿಯಲ್ಲ."

ಆಗಲೇ ಅಲೆ ತಡೆಯುವ ಕಲ್ಲಿನ ದಿಬ್ಬದ ಆಚೆಯಿಂದ ನೀಲಿ ಮೂತಿಯ ದೋಣಿಯೊಂದು ತಿರುಗಿತು. ಅವನು ಕಾಗದ ಬಿಚ್ಚಿ ತಿನ್ನತೊಡಗಿದ.

ಏಪ್ರಿಲ್‌ನಲ್ಲಿ ಖಮಾಸೀನ್ ಬೀಸಿತು. ಮರುಭೂಮಿಯ ಆ ಬಿಸಿ ಗಾಳಿ ನಾಲ್ಕು ದಿನ ಬೀಸಿದರೆ ತುಟಿ ಸೀಳುತ್ತದೆ, ಕುರ್ಚಿಗಳು ತಾವೇ ಲಟಲಟ ಅನ್ನುತ್ತವೆ. ಆ ನಡುವೆಯೇ ವಸಂತದ ಹಬ್ಬ. ಹಬ್ಬಕ್ಕೆ ಉಪ್ಪು ಹಾಕಿ ಕೊಳೆಸಿದ ಮೀನು ತಿನ್ನದಿದ್ದರೆ ನಾವು ಈಜಿಪ್ಟಿನವರೇ ಅಲ್ಲ. ತಿಂದರೆ ನೆರೆಹೊರೆಯವರೂ ಅಲ್ಲ. ವಾಸನೆ ಮನೆಗೆಲ್ಲ ಹರಡಬಾರದೆಂದು ತಾಯಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೀನು ಬಿಡಿಸಲು ಕೂತಳು. ಬಾಗಿಲು ಮತ್ತೆ ತೆರೆಯಲಿಲ್ಲ. ಒಂದು ಗಂಟೆ. ಮೊದಲು ಒಳಗಿನಿಂದ ಬೈಗುಳ ಬಂತು. ಆಮೇಲೆ ನಗು ಬಂತು. ಆಮೇಲೆ, "ವಗೀಹ್, ಉಸಿರು ಕಟ್ತಿದೆ ಕಣೋ," ಎಂಬ ಸಣ್ಣ ದನಿ. ನಾನು ಭುಜ ಕೊಟ್ಟು ಗುದ್ದಿದೆ. ಭುಜಕ್ಕೇ ಪೆಟ್ಟಾಯಿತು. ಓಡಿಹೋಗಿ ಶವಾದ್ಫಿಯನ್ನು ಹಬ್ಬದ ಊಟದ ಮುಂದಿನಿಂದ ಎಬ್ಬಿಸಿಕೊಂಡು ಬಂದೆ.

ಬಾಗಿಲು ತೆರೆಸಿ, ತಾಯಿಯನ್ನು ಕಿಟಕಿಯ ಬಳಿ ಕೂರಿಸಿದ ಮೇಲೆ ಅವನು ಮರದ ಮೇಲೆ ಅಂಗೈಯಿಟ್ಟ. ಈ ಸಲ ಅಂಗೈ ತೆಗೆಯಲು ಬಹಳ ಹೊತ್ತಾಯಿತು.

"ಒಣಗಿ ಕಡ್ಡಿಯಾಗಿದೆ," ಎಂದ. "ಇದು ಸಡಿಲ ಆಗಬೇಕಿತ್ತು."

ಸ್ಟೂಲು ಹತ್ತಿ ಬಚ್ಚಲ ಬಾಗಿಲ ನೆತ್ತಿಯ ಪೆನ್ಸಿಲ್ ಗೆರೆಗೆ, ಅಂದಿನ ಸಂದಿಯ ಗುರುತಿಗೆ, ಇಂದಿನ ಸಂದಿ ಹೋಲಿಸಿ ನೋಡಿದ. ಇಳಿದು ಟೀ ಕೇಳಿದ. ಕಿಟಕಿಯ ಕಟ್ಟೆಯ ಮೇಲೆ, ಹೋದ ಸಲ ಇಟ್ಟ ಅದೇ ಜಾಗದಲ್ಲಿ, ಇಟ್ಟು ನನ್ನನ್ನು ಕರೆದ.

"ಕನ್ನಡಕ ಒರೆಸ್ಕೊಂಡು ಬಾ. ಗ್ಲಾಸಿನ ಗೆರೆ ನೋಡು. ಟೀ ಎಲ್ಲಿದೆ?"

ಈ ಬದಿಯಲ್ಲಿ ಟೀ ಬಂಗಾರದ ಗೆರೆಯನ್ನು ಮುಟ್ಟಿತ್ತು. ಆ ಬದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಮೇಲೆ ಹತ್ತಿತ್ತು.

"ನವೆಂಬರ್‌ನಲ್ಲಿ ಅರ್ಧ ಕಾಳಿತ್ತು. ಕಟ್ಟೆ ಸೊಟ್ಟ ಇರಬಹುದು ಅಂದ್ಕೊಂಡೆ. ಕಟ್ಟೆ ಆರು ತಿಂಗಳಲ್ಲಿ ಬೆಳೆಯಲ್ಲ ಮಗನೇ. ಐದು ಮನೆ, ಐದು ಗ್ಲಾಸು. ಐದೂ ಸಮುದ್ರದ ಕಡೆಗೇ ಬಗ್ಗಿವೆ." ಅವನು ದನಿ ತಗ್ಗಿಸಿದ. "ಇದು ಮರ ಅಲ್ಲ. ಮನೆ."

ಅಂದು ಸಂಜೆ ಹಾಜಿಯವರ ಕೋಣೆಯಲ್ಲಿ ಐದು ಮನೆಯವರೂ ಸೇರಿದೆವು. ಶವಾದ್ಫಿ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತೇ ಹೇಳಿದ: "ನಾನು ದೋಣಿಯವನು, ಗಾರೆಯವನಲ್ಲ. ಒಬ್ಬ ಎಂಜಿನಿಯರ್‌ನ ಕರೆಸಿ ತೋರಿಸಿ. ಅಷ್ಟೇ ನಾನು ಕೇಳೋದು."

ಹಾಜಿ ನಕ್ಕರು. "ಎಂಜಿನಿಯರ್ ಬಂದರೆ ಕಾಗದ ಬರತ್ತೆ. ಕಾಗದದ ಹಿಂದೆ ಪೊಲೀಸು ಬರ್ತಾನೆ. ಪೊಲೀಸಿನ ಹಿಂದೆ ನಮ್ಮ ಮಾಲೀಕ ಬರ್ತಾನೆ, ಕಂಕುಳಲ್ಲಿ ಹದಿನಾರು ಮಹಡಿಯ ನಕ್ಷೆ ಇಟ್ಕೊಂಡು. ಅವನು ಇಪ್ಪತ್ತು ವರ್ಷದಿಂದ ಇದನ್ನೇ ಕಾಯ್ತಿರೋದು. ನಮ್ಮದು ಅಪ್ಪಂದಿರ ಕಾಲದಿಂದ ಏರದ ಬಾಡಿಗೆ ಉಸ್ತಾ. ಇಲ್ಲಿಂದ ಇಳಿದರೆ ಈ ಊರಲ್ಲಿ ನಮಗೆ ಕೂರೋಕೆ ಒಂದು ಮೆಟ್ಟಿಲೂ ಸಿಗಲ್ಲ."

ಅದು ಸತ್ಯವೇ ಆಗಿತ್ತು. ಹಾಜಿ ಅಲ್ಲಿಗೇ ನಿಲ್ಲಿಸಬಹುದಿತ್ತು.

"ಅಂದಹಾಗೆ ಉಸ್ತಾ, ಮಬ್ರೂಕಾ ಮುಳುಗಿತಾ?"

ಕೋಣೆ ತುಂಬ ನಗು. ನಾನೂ ನಕ್ಕೆ. ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದೆ. ಹೇಡಿತನಕ್ಕೆ ಕನ್ನಡಕ ಬಹಳ ಉಪಯೋಗದ ವಸ್ತು. ಗ್ಲಾಸಿನ ಗೆರೆ ಕಣ್ಣಾರೆ ನೋಡಿದವನು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ನಾನೊಬ್ಬನೇ.

"ಬಾಗಿಲು ಕೀಸಿಕೊಡು, ಸಾಕು," ಎಂದರು ಹಾಜಿ.

"ಕೀಸಲ್ಲ," ಎಂದ ಶವಾದ್ಫಿ. "ಈ ಮನೆಗೆ ಇರೋದು ಬಾಗಿಲು ಒಂದೇ ಬಾಯಿ. ಅದನ್ನೂ ಮುಚ್ಚಿಸಿದರೆ ನಿಮಗೆ ಯಾರು ಹೇಳ್ತಾರೆ?"

ಆಗ ದೌಲತ್ ಕೇಳಿದಳು, ಮೆಲ್ಲಗೆ, ಹೊಲಿಗೆಯ ಸೂಜಿ ಎದೆಯ ಬಟ್ಟೆಗೆ ಚುಚ್ಚಿಕೊಳ್ಳುತ್ತ: "ಕೀಸದೇ ಬಿಟ್ಟು, ಆ ದಿನಾನೂ ಬಂದು, ನಾನು ಒಳಗೇ ಸಿಕ್ಕಿಹಾಕ್ಕೊಂಡರೆ ಉಸ್ತಾ? ಇನ್ಶಿರಾಹ್ ಸಿಕ್ಕಿಕೊಂಡ ಹಾಗೆ?"

ಶವಾದ್ಫಿ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಕೀಸಿದರೆ ನಾವು ಮರೆಯುತ್ತೇವೆ. ಕೀಸದಿದ್ದರೆ ಓಡುವ ದಿನ ಓಡಲಾರೆವು. ಆ ಮುದುಕನ ಮುಖದಲ್ಲಿ ಆ ಎರಡೂ ಒಂದರ ಮೇಲೊಂದು ಹತ್ತಿ ಕೂತದ್ದನ್ನು ನಾನು ನೋಡಿದೆ. ಆಮೇಲೆ ಎದ್ದು ಹೋದ.

ಮೂರನೇ ದಿನ ಬಂದ. ಕೆಳಗಿನಿಂದ ಶುರುಮಾಡಿ ಐದು ಮನೆಯ ಅಷ್ಟೂ ಬಾಗಿಲುಗಳನ್ನು ಕಳಚಿ, ನಾಚಿಕೆ ಬಿಟ್ಟು ಕೀಸಿದ. ನಾಣ್ಯ ತೂರುವಷ್ಟು ಸಂದಿ ಬಿಟ್ಟು ಮತ್ತೆ ತೂಗುಹಾಕಿದ. ಆಮೇಲೆ ಹಾಯಿಬಟ್ಟೆಯ ಚೀಲದಿಂದ ಐದು ಚಕ್ಕೆಗಳನ್ನು ತೆಗೆದ. ಬೀಚ್ ಮರದವು, ಹೆಬ್ಬೆರಳುದ್ದ, ಎಲ್ಲವೂ ಒಂದೇ ದಪ್ಪ. ಪ್ರತಿ ಮನೆಯ ಮುಂಬಾಗಿಲ ಮೇಲಿನ ಮೂಲೆಯ ಸಂದಿಯಲ್ಲಿ ಒಂದೊಂದನ್ನು ಸಿಕ್ಕಿಸಿದ. ಮನೆಮನೆಯವರನ್ನೂ ನಿಲ್ಲಿಸಿ ಒಂದೇ ಮಾತು ಹೇಳಿದ:

"ದಿನಾ ಬೆಳಿಗ್ಗೆ ಎರಡು ಬೆರಳಲ್ಲಿ ಇದನ್ನ ತೆಗೀರಿ, ಮತ್ತೆ ಇಡಿ. ಸಲೀಸಾಗಿ ಬಂದರೆ ನಿಮ್ಮ ಕೆಲಸ ನೋಡ್ಕೊಳ್ಳಿ. ಎರಡು ಬೆರಳಿಗೆ ಬರಲಿಲ್ಲವೋ, ಚಪ್ಪಲಿ ಹುಡುಕಬೇಡಿ. ಇಳೀರಿ."

ಮೇ ಕಳೆಯಿತು, ಜೂನ್ ಕಳೆಯಿತು. ತಾಯಿ ಬೆಳಗಿನ ನಮಾಜು ಮುಗಿಸಿ ಚಕ್ಕೆ ತೆಗೆದು, ಮುತ್ತಿಟ್ಟು, ಮರಳಿ ಸಿಕ್ಕಿಸುವಳು. ಮೆಟ್ಟಿಲಲ್ಲಿ ಎದುರಾದವರು "ಬಂತಾ?" ಎಂದು ಕೇಳುವುದು, "ಬೆಣ್ಣೆ ಹಾಗೆ ಬಂತು" ಎಂದು ಉತ್ತರ ಹೇಳುವುದು, ನಮಸ್ಕಾರಕ್ಕೆ ಬದಲಾಗಿ ಬಳಕೆಗೆ ಬಂತು. ಹಾಜಿಯವರೂ ತೆಗೆಯುತ್ತಿದ್ದರು, ಆದರೆ ಕಿವಿ ಕೆರೆಯಲೆಂದು ತೆಗೆದವರಂತೆ.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ನಾನು ಎಳೆದಾಗ ಚಕ್ಕೆ ಬರಲಿಲ್ಲ. ತಾಯಿ ಇನ್ನೂ ಬಚ್ಚಲಲ್ಲಿದ್ದಳು. ಮೂರನೇ ಬೆರಳನ್ನೂ ಸೇರಿಸಿ ಎಳೆದೆ. ಕಿರ್ ಎಂದು ಬಂತು.

ಆಗ ನಾನು ಮಾಡಿದ್ದನ್ನು ಬುದ್ಧಿಯಿದ್ದವನು ಮಾಡುವುದಿಲ್ಲ. ಆ ಮನೆಯಲ್ಲಿ ಇದ್ದವನು ಮಾಡುತ್ತಾನೆ. ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಯಜಮಾನರು ಊಟಕ್ಕೆ ಹೋದಾಗ, ಗಾಜು ಉಜ್ಜುವ ಚಕ್ರದ ಮೇಲೆ ಅದನ್ನು ಹಿಡಿದೆ. ಎರಡು ಸುತ್ತು. ಕೂದಲೆಳೆಯಷ್ಟು. ಎಷ್ಟು ನಾಜೂಕಾಗಿ ಉಜ್ಜಿದೆನೆಂದರೆ ನನಗೇ ಹೆಮ್ಮೆಯಾಯಿತು. ಸಂಜೆ ತಾಯಿ ನೋಡುವ ಮೊದಲು ಮರಳಿ ಸಿಕ್ಕಿಸಿದೆ. ಮರುದಿನ ಅವಳು ಎಳೆದಳು.

"ಬಂತಾ ಅಮ್ಮಾ?"

"ಬೆಣ್ಣೆ ಹಾಗೆ," ಎಂದಳು. ಅವಳ ಮುಖದಲ್ಲಿ ಏನೋ ಇತ್ತು. ನಾನು ನೋಡಲು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೆರಡು ಸಲ ಚಕ್ರದ ಮೇಲೆ ಹಿಡಿದೆ. ಪ್ರತಿಸಲ ಅದು ನಾನು ನೆನೆಸಿಕೊಂಡದ್ದಕ್ಕಿಂತ ತೆಳ್ಳಗೆ ಕಂಡಿತು. ನನ್ನ ಕೈಯೇ ಜೋರಾಗಿರಬೇಕೆಂದುಕೊಂಡೆ.

ಅಕ್ಟೋಬರಿನ ಒಂದು ಶುಕ್ರವಾರ ಶವಾದ್ಫಿ ಬಂದ. ಬೇಸಿಗೆಯಲ್ಲಿ ಎದೆನೋವಾಗಿ ಮಗಳ ಮನೆಯಲ್ಲಿ ಮಲಗಿದ್ದನಂತೆ, ಗಲ್ಲ ಇಳಿದಿತ್ತು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಮೀನು.

"ಮಬ್ರೂಕಾದ್ದು," ಎಂದು ತಾಯಿಯ ಕೈಗೆ ಕೊಟ್ಟ. "ದಾರೀಲಿ ಹೋಗ್ತಿದ್ದೆ. ಚಕ್ಕೆ ಹೇಗಿದೆ ನೋಡೋಣ ಅಂತ."

"ಚೆನ್ನಾಗಿ ಬರ್ತಿದೆ," ಎಂದೆ ನಾನು.

"ಚೆನ್ನಾಗಿ ಬರ್ತಿದೆ," ಎಂದಳು ತಾಯಿ, ನನ್ನ ಮಾತು ಮುಗಿಯುವ ಮೊದಲೇ.

ಅವನು ಕೈ ಎತ್ತಿ ಚಕ್ಕೆ ತೆಗೆದ. ಬೆಣ್ಣೆಯ ಹಾಗೆ ಬಂತು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಹೊರಳಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ಬೆಳಕು ಆಚೆಯಿಂದ ಈಚೆಗೆ ಬಂತು.

"ಇದು ನಾನು ಮಾಡಿದ್ದಲ್ಲ," ಎಂದ.

"ನಾನೇ ಉಸ್ತಾ," ಎಂದೆವು ನಾನೂ ತಾಯಿಯೂ, ಒಟ್ಟಿಗೇ.

ಒಬ್ಬರನ್ನೊಬ್ಬರು ನೋಡಿಕೊಂಡೆವು. ತಾಯಿ ತಲೆವಸ್ತ್ರದ ಮರೆಯಿಂದೆಂಬಂತೆ ಹೇಳಿದಳು, ತಾನು ಉಗುರು ಉಜ್ಜುವ ಅರದಿಂದ ಉಜ್ಜಿದ್ದೆಂದು. ಜುಲೈನಿಂದಲೇ. ನಾಲ್ಕು ಸಲ. "ನಿನಗೆ ಹೆದರಿಕೆ ಆಗಬಾರದು ಅಂತ ಕಣೋ," ಎಂದಳು ನನ್ನ ಕಡೆ ತಿರುಗಿ. ಒಂದೇ ಚಕ್ಕೆಯನ್ನು ನಾವಿಬ್ಬರೂ ಕದ್ದು ಉಜ್ಜಿದ್ದೆವು, ನಾನು ಅಂಗಡಿಯಲ್ಲಿ, ಅವಳು ಮನೆಯಲ್ಲಿ.

ಶವಾದ್ಫಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಚೀಲದಿಂದ ಹೊಸ ಚಕ್ಕೆಯೊಂದನ್ನು ತೆಗೆದ. ಏಪ್ರಿಲಿನ ದಪ್ಪದ್ದು, ಅದೇ ಸಂದಿಗೆ, ಅದೇ ಮೂಲೆಗೆ ಒಡ್ಡಿದ. ತುದಿಯೂ ಹೋಗಲಿಲ್ಲ. ನಾಣ್ಯ ತೂರುತ್ತಿದ್ದ ಕಡೆ ಈಗ ಕಾಗದ ತೂರಬಹುದಿತ್ತು, ಅಷ್ಟೆ. ಚಕ್ಕೆಯನ್ನು ಮೇಜಿನ ಮೇಲಿಟ್ಟು ಕುಳಿತ.

"ಒಂದು ಟೀ ಕೊಡಮ್ಮಾ."

ತಾಯಿ ಬಂಗಾರದ ಗೆರೆಯ ಗ್ಲಾಸಿನಲ್ಲೇ ತಂದಳು. ಕಿಟಕಿಯ ಕಟ್ಟೆಯ ಮೇಲಿಡಲು ತಾನೇ ಕೈಚಾಚಿದಳು. ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಊದಿ ಊದಿ, ಕೊನೆಯ ಗುಟುಕಿನವರೆಗೂ ಕುಡಿದ.

"ಚೆನ್ನಾಗಿದೆ," ಎಂದ. "ಇಷ್ಟು ದಿನ ಗೊತ್ತೇ ಇರಲಿಲ್ಲ."

ತಾಯಿ ಆ ಖಾಲಿ ಗ್ಲಾಸನ್ನು ಸ್ವಲ್ಪ ಹೊತ್ತು ನೋಡಿದಳು. ನಲವತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಮನೆ. ಇನ್ನು ಅಳೆಯುವುದು ಏನೂ ಉಳಿದಿಲ್ಲವೆಂದು ಅವಳಿಗೆ ನನಗಿಂತ ಮೊದಲೇ ತಿಳಿಯಿತು. ಒಲೆ ಆರಿಸಿದಳು, ಗ್ಯಾಸ್ ಸಿಲಿಂಡರಿನ ತಿರುಪು ಮುಚ್ಚಿದಳು, ಮೀನಿನ ಪೊಟ್ಟಣವನ್ನೂ ಮೇಜಿನ ಮೇಲಿದ್ದ ದಪ್ಪ ಚಕ್ಕೆಯನ್ನೂ ಎತ್ತಿಕೊಂಡಳು.

"ನಡಿ ವಗೀಹ್. ನಿನ್ನ ಚಿಕ್ಕಮ್ಮನ ಮನೆಗೆ."

"ಬಟ್ಟೆ ಅಮ್ಮಾ? ಚಪ್ಪಲಿ..."

"ಉಸ್ತಾ ಏನು ಹೇಳಿದ್ದ?"

ಐದನೇ ಮಹಡಿಗೆ ಶವಾದ್ಫಿ ಹತ್ತಿದ. ನಾವು ಇಳಿಯುತ್ತ ಬಾಗಿಲು ಬಡಿದೆವು. ಮೂರನೇ ಮಹಡಿಯಲ್ಲಿ ದೌಲತ್ ದಪ್ಪ ಚಕ್ಕೆಯನ್ನು ನೋಡಿದ್ದೇ ತನ್ನದನ್ನು ಜೇಬಿನಿಂದ ತೆಗೆದು ತೋರಿಸಿದಳು. ಮರಳು ಕಾಗದದಿಂದ ಉಜ್ಜಿ ಎಲೆಯಂತೆ ಮಾಡಿದ್ದಳು. ಹೊಲಿಗೆ ಯಂತ್ರದ ತಲೆಯನ್ನು ಕಳಚಿ ಮಗುವಿನಂತೆ ಎದೆಗವಚಿಕೊಂಡು ಹೊರಬಂದಳು. ಎರಡನೇ ಮಹಡಿಯಲ್ಲಿ ಹಾಜಿ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಅವರ ಹೊಸ್ತಿಲ ಕಲ್ಲಿನ ಮೇಲೆ ಚಕ್ಕೆ ತೇಯ್ದ ಗುರುತು, ಚಾಕು ಮಸೆದಂತೆ, ಬೆಳ್ಳಗೆ ಕಾಣುತ್ತಿತ್ತು.

"ಹೋಗಿ, ಹೋಗಿ," ಎಂದರು. "ನಾಳೆ ಮನೆ ನಿಂತಿರತ್ತೆ, ನೀವು ಬೀದೀಲಿರ್ತೀರಿ." ಹಿಂದೆ ಇಳಿದು ಬರುತ್ತಿದ್ದ ಶವಾದ್ಫಿಯನ್ನು ಕಂಡು ದನಿ ಏರಿತು. "ಏನಪ್ಪಾ ಕಾಗೆ ಬಾಯಿ! ಮಬ್ರೂಕಾ ಮುಳುಗಿತಾ?"

ಶವಾದ್ಫಿ ಟೋಪಿ ತೆಗೆದ. "ಇಲ್ಲ ಹಾಜಿ. ಇವತ್ತೂ ಬಂತು, ದೇವರ ದಯೆ. ನೀವೂ ಹಾಗೇ ಬನ್ನಿ."

ಹಾಜಿ ಬರಲಿಲ್ಲ. ಕೆಳಗಿನವರೂ ಬರಲಿಲ್ಲ, ಮೇಲಿನವರೂ ಬರಲಿಲ್ಲ.

ಈಗ ನಾವು ಊರಾಚೆ ದಖೀಲಾದಲ್ಲಿ ಚಿಕ್ಕಮ್ಮನ ಮನೆಯ ಒಂದು ಕೋಣೆಯಲ್ಲಿದ್ದೇವೆ. ನನ್ನ ತಲೆ ಕಪಾಟಿನ ಕಡೆಗೆ, ಕಾಲು ಚಿಕ್ಕಪ್ಪನ ಸೈಕಲ್ಲಿನ ಕಡೆಗೆ. ದೌಲತ್ ಮಗಳ ಮನೆಗೆ ಹೋದಳು. ನಾನೇ ಜಿಲ್ಲಾ ಕಚೇರಿಗೆ ಹೋಗಿ ಕಟ್ಟಡ ಪರೀಕ್ಷಿಸಿ ಎಂದು ಅರ್ಜಿ ಕೊಟ್ಟೆ. ನೋಡಲು ಬರುತ್ತೇವೆ ಎಂದಿದ್ದಾರೆ. ಬೀದಿಯವರು ನನ್ನನ್ನು ಮಾಲೀಕನ ಬಾಲ ಎನ್ನುತ್ತಾರೆ. ಶವಾದ್ಫಿಗೆ ಆ ಬೀದಿಯಲ್ಲಿ ಈಗ ಕೆಲಸವಿಲ್ಲ. ಬಾಗಿಲು ಕೀಸಲು ಕರೆದರೆ ಮನೆ ಖಾಲಿ ಮಾಡಿಸಿ ಹೋಗುತ್ತಾನಂತೆ.

ಮನೆ ನಿಂತಿದೆ. ಆರು ವಾರವಾಯಿತು, ನಿಂತೇ ಇದೆ. ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪ, "ಏನೋ, ಇನ್ನೂ ನಿಂತಿದೆಯಂತಲ್ಲ?" ಎಂದು ಕೇಳಿದಾಗಲೆಲ್ಲ ನನ್ನೊಳಗೆ ಒಂದು ಕೆಟ್ಟ ಹುಳು ತಲೆ ಎತ್ತುತ್ತದೆ. ಅದು ಏನು ಬಯಸುತ್ತದೆಂದು ನನಗೆ ಗೊತ್ತು. ದಂಡೆಯ ಮೇಲೆ ಒಬ್ಬ ಮುದುಕ ಮೊದಲೆರಡು ವರ್ಷದ ಬಗ್ಗೆ ಹೇಳಿದ್ದು ನೆನಪಾಗಿ ಅನ್ನ ಗಂಟಲಲ್ಲೇ ನಿಲ್ಲುತ್ತದೆ.

ಈ ವರ್ಷದ ಪೊರಕೆ ಗಾಳಿ ಮೊನ್ನೆ ಬೀಸಿತು. ಎರಡು ಹಗಲು ಎರಡು ರಾತ್ರಿ. ಮಳೆ ನಿಂತ ಬೆಳಿಗ್ಗೆ ಕೆಲಸಕ್ಕೆ ಹೋಗದೆ ನೇರ ಅಲ್ಲಿಗೆ ಹೋದೆ. ಬೀದಿಯ ತಿರುವಿಗೆ ಬಂದಾಗ ಕಾಲು ನಿಂತಿತು. ಕನ್ನಡಕ ತೆಗೆದು ಒರೆಸಿದೆ. ಆಮೇಲೆ ತಿರುವು ದಾಟಿದೆ.

ನಿಂತಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಹಾಜಿ ಶಾಲು ಹೊದ್ದು ಕೂತಿದ್ದರು. ನನ್ನನ್ನು ಕಂಡು ಕೈ ಎತ್ತಿದರು.

"ಏನೋ ವಗೀಹ್! ತೇಲ್ತಾ ಇದೆ ನೋಡು ಇನ್ನೂ!"

"ದೇವರ ದಯೆ ಹಾಜಿ," ಎಂದೆ. ನಿಜವಾಗಿಯೂ ಅದೇ ಅರ್ಥದಲ್ಲಿ ಅಂದೆ.

"ಬಾ, ಟೀ ಕುಡಿ."

ಮೆಟ್ಟಿಲು ಹತ್ತಿದೆ. ಅವರ ಮನೆಯ ಮುಂಬಾಗಿಲು ಇದ್ದ ಜಾಗದಲ್ಲಿ ಬಾಗಿಲಿರಲಿಲ್ಲ. ಚೌಕಟ್ಟಿಗೆ ಹೂವಿನ ಚಿತ್ತಾರದ ಪರದೆಯೊಂದು ನೇತಾಡುತ್ತಿತ್ತು. ಚಳಿಗಾಳಿ ಅದನ್ನು ಒಳಕ್ಕೂ ಹೊರಕ್ಕೂ ಎಳೆದಾಡುತ್ತಿತ್ತು. ಒಳಗೂ ಯಾವ ಕೋಣೆಗೂ ಬಾಗಿಲಿಲ್ಲ. ಕಳಚಿದ ಬಾಗಿಲುಗಳೆಲ್ಲ ಗೋಡೆಗೆ ಒರಗಿದ್ದವು. ಒಂದೊಂದರ ನೆತ್ತಿಯ ಮೇಲೂ ಹೊಸ ಪೆನ್ಸಿಲ್ ಗೆರೆ.

"ಶವಾದ್ಫಿ ಬಂದಿದ್ದನಾ?"

"ಬಿರುಗಾಳಿಯ ಹಿಂದಿನ ದಿನ," ಎಂದರು ಹಾಜಿ, ನನ್ನ ಕಡೆ ನೋಡದೆ. ಪರದೆ ಮತ್ತೊಮ್ಮೆ ಹಾರಿ ಅವರ ಮೊಣಕಾಲು ಮುಟ್ಟಿತು. ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು.

"ಗಾಳಿ ಬರಲಿ ಅಂತ ತೆಗೆಸಿದೆ ಕಣೋ. ಬರೀ ಗಾಳಿಗೆ."